ಅವಸರವೂ ಹದವೂ



ನಮ್ಮ ಬೀದರ ಸೀಮೆಯಲ್ಲಿ ಹುಟ್ಟಿದವನಿಗೆ ಒಂದು ಲಾಭವುಂಟು. ನಿಘಂಟನ್ನು ತೆರೆಯದೆಯೇ ಅವನು ಶಬ್ದಗಳ ದೇಶಾಟನವನ್ನು ಕಣ್ಣಾರೆ ಕಾಣಬಲ್ಲನು. ಭಾಲ್ಕಿಯ ಪೇಟೆಯಲ್ಲಿ ಒಂದು ಮುಂಜಾನೆ ನಿಂತರೆ ಸಾಕು. ಉದಗೀರದ ಕಡೆಯಿಂದ ಬಂದವನು ಮರಾಠಿಯಲ್ಲಿ ಬೆಲೆ ಕೇಳುವನು, ಜಹೀರಾಬಾದದ ಕಡೆಯವನು ತೆಲುಗಿನಲ್ಲಿ ಚೌಕಾಶಿ ಮಾಡುವನು, ಅಂಗಡಿಯವನು ಉರ್ದುವಿನಲ್ಲಿ ಲೆಕ್ಕ ಹೇಳಿ ಕನ್ನಡದಲ್ಲಿ ರೊಕ್ಕ ಎಣಿಸಿಕೊಳ್ಳುವನು. ಈ ನುಡಿಗಳ ಸಂತೆಯಲ್ಲಿ ಒಂದೇ ಶಬ್ದವು ಮೂರು ವೇಷಗಳನ್ನು ತೊಟ್ಟು ತಿರುಗುವದನ್ನು ನಾನು ಬಹು ದಿವಸಗಳಿಂದ ಗಮನಿಸುತ್ತ ಬಂದಿದ್ದೇನೆ. ಆ ಶಬ್ದವು 'ಅವಸರ'.

ಕನ್ನಡಿಗನು "ನನಗೆ ಅವಸರ" ಎಂದರೆ ಗಡಿಬಿಡಿಯಲ್ಲಿದ್ದಾನೆಂದು ತಿಳಿಯಬೇಕು. ತೆಲುಗಿನವನು "ಅವಸರಂ" ಎಂದರೆ ಅವನಿಗೆ ಏನೋ ಬೇಕಾಗಿದೆ, ಆವಶ್ಯಕತೆ ಒದಗಿದೆಯೆಂದು ಅರ್ಥ. ಮರಾಠಿ, ಹಿಂದಿಗಳಲ್ಲಿ ಅದೇ ಶಬ್ದಕ್ಕೆ ಒದಗಿ ಬಂದ ಸಂಧಿ, ತಕ್ಕ ಸಮಯ ಎಂಬ ಅರ್ಥವುಂಟು. ಸಂಸ್ಕೃತದಲ್ಲಿ 'ಅವ' ಎಂಬ ಉಪಸರ್ಗವು 'ಸೃ' ಧಾತುವಿನೊಡನೆ ಸೇರಿ ಆದ ಈ ಶಬ್ದಕ್ಕೆ ಕಾರ್ಯಕ್ಕೊದಗುವ ಸಮಯವೆಂಬುದೇ ಮುಖ್ಯಾರ್ಥ. ಹೀಗೆ ಒಂದೇ ಪದದಲ್ಲಿ ಬೇಕೆಂಬ ಹಂಬಲ, ಅದಕ್ಕೆ ತಕ್ಕ ವೇಳೆ, ಆ ವೇಳೆಯನ್ನು ಕಾಯಲಾರದ ತಳಮಳ ಮೂರೂ ಅಡಗಿವೆ. ನಮ್ಮ ಸಂಸಾರದ ಸುಖದುಃಖಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಮೂರು ಅರ್ಥಗಳನ್ನು ಒಂದರೊಡನೊಂದು ಕಲಸಿಕೊಂಡದ್ದರಿಂದಲೇ ಹುಟ್ಟುವವೆಂದು ನನ್ನ ಎಣಿಕೆ.

ಈ ಶಬ್ದಾರ್ಥದ ಗೊಡವೆ ಇಂದೇಕೆ ಎಂದು ವಾಚಕರು ಕೇಳಬಹುದು. ಕಳೆದ ತಿಂಗಳು ನೆರೆಮನೆಯ ತರುಣನೊಬ್ಬನು ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತನು. ಬಿ. ಎ. ಮುಗಿಸಿ ಮೂರು ವರುಷಗಳಾದವು. ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾನೆ. "ಅಜ್ಜಾರ, ಎಲ್ಲಾರೂ ತಾಳು ತಾಳು ಅಂತಾರ. ತಾಳೂದು ಎಷ್ಟು ದಿವಸ ಅಂತ ಯಾರೂ ಹೇಳಂಗಿಲ್ಲ. ನೀವರೇ ಹೇಳ್ರಿ" ಎಂದು ಕೇಳಿದನು. ಮೂವತ್ತನಾಲ್ಕು ವರುಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನ್ನ ಬಾಯಿ ಆ ಗಳಿಗೆಯಲ್ಲಿ ಕಟ್ಟಿಹೋಯಿತು. ತಾಳಿದವನು ಬಾಳಿಯಾನು ಎಂಬ ಗಾದೆಯು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು. ಗಾದೆಯು ಸುಳ್ಳಲ್ಲ, ಆದರೆ ಅವನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಎರಡು ದಿವಸ ಬಿಟ್ಟು ಬಾರೆಂದು ಅವನನ್ನು ಕಳಿಸಿ, ನಾನು ಓದಿದ್ದನ್ನೂ ಕಂಡದ್ದನ್ನೂ ಮನಸ್ಸಿನಲ್ಲಿ ತಿರುವಿ ಹಾಕಿದೆನು. ಅದರ ಫಲವೇ ಈ ತಿಂಗಳ ಬರಹ.

ಮೊದಲು ಶಾಸ್ತ್ರದ ಮಾತು. ಕೌಟಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರಿನಿಂದ ಮಾತ್ರ ಉಳಿದಿದ್ದು, ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ತಾಳೆಗರಿಯ ರೂಪದಲ್ಲಿ ದೊರೆತು, 1909ರಲ್ಲಿ ಅಚ್ಚಾದ ಸಂಗತಿಯು ಕನ್ನಡಿಗರಿಗೆ ಅಭಿಮಾನದ ವಿಷಯ. ಅದರ ಒಂಬತ್ತನೆಯ ಅಧಿಕರಣದ ಆರಂಭದಲ್ಲಿ ದಂಡಯಾತ್ರೆಗೆ ಹೊರಡುವ ಅರಸನು ನೋಡಬೇಕಾದ ಮೂರು ವಿಷಯಗಳ ಚರ್ಚೆ ಇದೆ: ಶಕ್ತಿ, ದೇಶ, ಕಾಲ. ಕೆಲವು ಆಚಾರ್ಯರು ಶಕ್ತಿಯೇ ದೊಡ್ಡದೆಂದರಂತೆ. ಮತ್ತೆ ಕೆಲವರು ದೇಶವೇ, ಅಂದರೆ ನಿಂತ ನೆಲವೇ ದೊಡ್ಡದೆಂದು ಹೇಳಿ, ನೆಲದ ಮೇಲಿನ ನಾಯಿಯು ಮೊಸಳೆಯನ್ನು ಎಳೆಯುವದು, ನೀರೊಳಗಿನ ಮೊಸಳೆಯು ನಾಯಿಯನ್ನು ಎಳೆಯುವದು ಎಂದು ದೃಷ್ಟಾಂತವನ್ನು ಕೊಟ್ಟರು. ಇನ್ನು ಕೆಲವರು ಕಾಲವೇ ದೊಡ್ಡದೆಂದು, ಹಗಲು ಕಾಗೆಯು ಗೂಗೆಯನ್ನು ಕೊಲ್ಲುವದು, ಇರುಳು ಗೂಗೆಯು ಕಾಗೆಯನ್ನು ಕೊಲ್ಲುವದು ಎಂದು ತೋರಿಸಿದರು. ಕೌಟಲ್ಯನು ಮಾತ್ರ ಇವರಾರನ್ನೂ ಒಪ್ಪಲಿಲ್ಲ. ಶಕ್ತಿ, ದೇಶ, ಕಾಲಗಳು ಒಂದಕ್ಕೊಂದು ಆಸರೆಯಾಗಿ ನಿಂತು ಕಾರ್ಯವನ್ನು ಸಾಧಿಸುವವು ಎಂಬದು ಅವನ ಸಿದ್ಧಾಂತ.

ಅರಸನಿಗೆ ಹೇಳಿದ ಈ ಮಾತು ಗೃಹಸ್ಥನಿಗೂ ಸಲ್ಲುವದು. ಕಾಲ ಬಂದಾಗ ಶಕ್ತಿಯಿಲ್ಲದವನಿಗೆ ಆ ಕಾಲದಿಂದ ಲಾಭವಿಲ್ಲ. ಶಕ್ತಿಯಿದ್ದು ಕಾಲವನ್ನರಿಯದವನಿಗೆ ಆ ಶಕ್ತಿಯಿಂದ ಹಾನಿಯೇ ಹೆಚ್ಚು.

ಇದನ್ನೆಲ್ಲ ಕೌಟಲ್ಯನಿಂದ ಕಲಿಯಲು ಪುರಸೊತ್ತಿಲ್ಲದ ನಮ್ಮ ಒಕ್ಕಲಿಗರು ಒಂದೇ ಅಚ್ಚಗನ್ನಡ ಮಾತಿನಲ್ಲಿ ಹೇಳಿ ಮುಗಿಸಿದ್ದಾರೆ. ಆ ಮಾತು 'ಹದ'. ಮಿರಗದ ಮಳೆ ಬಿದ್ದ ಮರುದಿನವೇ ಕೂರಿಗೆಯನ್ನು ಹೂಡುವವನಿಲ್ಲ. ಹಿಡಿಮಣ್ಣನ್ನು ಎತ್ತಿ ಅಂಗೈಯಲ್ಲಿ ಒತ್ತಿ ನೋಡುವರು. ಮುದ್ದೆಯಾಗಿ ಅಂಟಿಕೊಂಡರೆ ಇನ್ನೂ ಹದವಿಲ್ಲ. ಪುಡಿಯಾಗಿ ಉದುರಿದರೆ ಹದ ದಾಟಿತು. ನಮ್ಮ ಕಡೆಯ ಕರಿಯ ಎರೆಯಲ್ಲಿ ಈ ಎರಡರ ನಡುವಣ ಅಂತರವು ಕೆಲವೇ ದಿವಸಗಳದು. ಅಷ್ಟರೊಳಗೆ ಬೀಜ ಮನೆಯಲ್ಲಿರಬೇಕು, ಎತ್ತು ಮೇದಿರಬೇಕು, ಕೂರಿಗೆಯ ತಾಳು ಬಿಗಿದಿರಬೇಕು. ಹದವನ್ನು ತರುವದು ಮನುಷ್ಯನ ಕೈಯಲ್ಲಿಲ್ಲ. ಹದ ಬಂದಾಗ ಸಿದ್ಧನಾಗಿರುವದು ಅವನ ಕೈಯಲ್ಲಿದೆ.

ಮನೆಯ ಹೆಣ್ಣುಮಕ್ಕಳಿಗಂತೂ ಇದನ್ನು ಹೇಳಿಕೊಡಬೇಕಾದುದೇ ಇಲ್ಲ. ಬೆಲ್ಲದ ಪಾಕವು ಎಳೆ ಬರುವ ಮುಂಚೆ ಇಳಿಸಿದರೆ ಉಂಡೆ ಕಟ್ಟದು, ಕೊಂಚ ತಡೆದರೆ ಕಲ್ಲಾಗುವದು. ಹಾಲಿಗೆ ಹೆಪ್ಪು ಹಾಕುವದನ್ನು ನೋಡಿರಿ. ಹಾಲು ಸುಡುತ್ತಿದ್ದರೆ ಒಡೆಯುವದು, ಆರಿ ತಣ್ಣಗಾದರೆ ಹೆಪ್ಪಾಗದು. ಉಗುರುಬೆಚ್ಚಗಿನ ಆ ವೇಳೆಯನ್ನು ಹಿಡಿದು ಒಂದು ಚಮಚೆ ಮಜ್ಜಿಗೆ ಬಿಡಬೇಕು. ಇದು ಅವಸರವನ್ನರಿಯುವದು. ಆ ಬಳಿಕ ಇರುಳೆಲ್ಲ ಆ ಪಾತ್ರೆಯನ್ನು ಅಲುಗಾಡಿಸದೆ ಬಿಡಬೇಕು. ಇದು ತಾಳ್ಮೆ. ಆಯಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ಕಲಕಿ ನೋಡುವ ಮನೆಯಲ್ಲಿ ಗಟ್ಟಿ ಮೊಸರನ್ನು ಯಾರೂ ಉಂಡದ್ದಿಲ್ಲ.

ಇನ್ನು ನನ್ನ ಸ್ವಂತದ ಮಾತು. ಇದು ನನಗೆ ಹೆಮ್ಮೆಯ ಕಥೆಯಲ್ಲ. ಮೂವತ್ತು ವರುಷಗಳ ಹಿಂದೆ ನಾನು ಔರಾದ ತಾಲೂಕಿನ ಒಂದು ಹಳ್ಳಿಯ ಸಾಲೆಯಲ್ಲಿದ್ದೆನು. ಅಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ವಿದ್ಯಾಭ್ಯಾಸ. ಹೈಸ್ಕೂಲಿಗೆ ಒಂದು ಹರದಾರಿಗೂ ಮಿಕ್ಕ ದಾರಿಯನ್ನು ನಡೆಯಬೇಕು. ಆ ವರುಷ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಗಣಿತದಲ್ಲಿ ಅವಳ ಸರಿಸಮಾನರು ಆ ಸಾಲೆಯಲ್ಲಿರಲಿಲ್ಲ. ಬೇಸಗೆ ರಜೆಯು ಮುಗಿದು ಸಾಲೆ ತೆರೆದಾಗ, ಅವಳ ತಂದೆಯು ಅವಳನ್ನು ಮುಂದಕ್ಕೆ ಓದಿಸುವದಿಲ್ಲವೆಂದು ತಿಳಿಯಿತು. ತರುಣ ರಕ್ತ, ಹೊಸ ಹುಮ್ಮಸ್ಸು. ನಾನು ಅಂದೇ ಸಂಜೆ ಅವರ ಮನೆಯ ಮುಂದೆ ಹೋಗಿ ನಿಂತೆನು.

ಅಂದು ಮಿರಗವು ಕೂಡಿ ಮೂರು ದಿವಸಗಳಾಗಿದ್ದವು. ಅಂಗಳದಲ್ಲಿ ಕೂರಿಗೆಯನ್ನು ಬಿಚ್ಚಿ ಹಾಕಿಕೊಂಡು ಆತನು ದುರಸ್ತಿ ಮಾಡುತ್ತಿದ್ದನು. ಬೀಜಕ್ಕೆ ಸಾಲ ಕೊಡುತ್ತೇನೆಂದಿದ್ದವನು ಅಂದು ಮಧ್ಯಾಹ್ನವೇ ಇಲ್ಲವೆಂದು ಹೇಳಿ ಕಳಿಸಿದ್ದನೆಂಬ ಸಂಗತಿಯು ನನಗೆ ಆಮೇಲೆ ತಿಳಿಯಿತು. ನಾನು ಓಣಿಯವರೆಲ್ಲ ಕೇಳುವಂತೆ ವಿದ್ಯೆಯ ಮಹಿಮೆಯನ್ನೂ ತಂದೆಯ ಕರ್ತವ್ಯವನ್ನೂ ವಿವರಿಸಿದೆನು. ಸಂಸ್ಕೃತ ಸುಭಾಷಿತಗಳನ್ನು ಹೇಳಿ ಅರ್ಥವನ್ನೂ ಹೇಳಿದೆನೆಂದು ನೆನಪು. ಆತನು ಬಹಳ ಹೊತ್ತು ತಲೆ ಎತ್ತಲಿಲ್ಲ. ಕೊನೆಗೆ, "ಸರ್, ಮಿರಗ ಕೂಡ್ಯಾದ, ಮನ್ಯಾಗ ಬೀಜಕ್ಕ ರೊಕ್ಕ ಇಲ್ಲ. ನೀವು ಸಾಲಿ ಮಾತು ತಂದೀರಿ. ಮಗಳು ನಂದು, ನನಗ ಗೊತ್ತದ, ಹೋಗ್ರಿ" ಎಂದು ಎದ್ದು ಒಳಗೆ ಹೋದನು. ಓಣಿಯವರ ಮುಂದೆ ಆಡಿದ ಮಾತನ್ನು ಆತನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಆ ವರುಷದ ಮಟ್ಟಿಗೆ ಆ ಬಾಗಿಲನ್ನು ಮುಚ್ಚಿದವನು ಆತನಲ್ಲ, ನಾನು.

ನಮ್ಮ ಸಾಲೆಯಲ್ಲಿ ನಿವೃತ್ತಿಗೆ ಸಮೀಪಿಸಿದ ಹಿರಿಯ ಶಿಕ್ಷಕರೊಬ್ಬರಿದ್ದರು. ಎಲ್ಲವನ್ನೂ ಕೇಳಿ ಅವರು ಹೀಗೆಂದರು: "ತಮ್ಮಾ, ನೀನು ಹೇಳಿದ್ದು ಖರೇ ಅದ. ಆದರ ನಿನಗ ಸಾಲೀ ಪಂಚಾಂಗ ಅಷ್ಟೇ ಗೊತ್ತು, ಅವನ ಪಂಚಾಂಗ ಗೊತ್ತಿಲ್ಲ." ಸಾಲೆಯ ವರುಷವು ಜೂನದಲ್ಲಿ ಆರಂಭವಾಗುವದು. ಒಕ್ಕಲಿಗನಿಗೆ ಅದೇ ತಿಂಗಳು ಕೈಯಲ್ಲಿ ಕಾಸಿಲ್ಲದ, ಮನೆಯ ಪ್ರತಿಯೊಂದು ಕೈಯೂ ಹೊಲಕ್ಕೆ ಬೇಕಾದ, ಮಳೆಯ ಚಿಂತೆಯಲ್ಲಿ ನಿದ್ದೆ ಬಾರದ ತಿಂಗಳು. ಮಾತು ಸತ್ಯವಾದ ಮಾತ್ರಕ್ಕೆ ಎಲ್ಲ ವೇಳೆಯಲ್ಲಿಯೂ ಬಿತ್ತಬಹುದೆಂದು ನಾನು ತಿಳಿದಿದ್ದೆನು.

ಹಿರಿಯರ ಸಲಹೆಯಂತೆ ನಾನು ಬಾಯಿ ಮುಚ್ಚಿಕೊಂಡೆನು. ಕೈಯನ್ನು ಮಾತ್ರ ಕಟ್ಟಿಕೊಳ್ಳಲಿಲ್ಲ. ಸಾಲೆಯ ಕಪಾಟಿನ ಪುಸ್ತಕಗಳು ಒಂದೊಂದಾಗಿ ಆ ಹುಡುಗಿಯ ಮನೆಗೆ ಹೋಗಿ ಬರತೊಡಗಿದವು. ಹಗಲೆಲ್ಲ ಕಳೆ ತೆಗೆದು ಬಂದು ಅವಳು ರಾತ್ರಿ ಲೆಕ್ಕಗಳನ್ನು ಬಿಡಿಸುತ್ತಿದ್ದಳು. ಅದೇ ಊರಿನ ಇನ್ನಿಬ್ಬರು ಹುಡುಗಿಯರ ತಾಯಂದಿರೊಡನೆ ನನ್ನ ಮನೆಯವಳು ಬಾವಿಯ ಕಟ್ಟೆಯಲ್ಲಿ ಮಾತು ಬೆಳೆಸಿದಳು. ಒಬ್ಬಳೇ ಹುಡುಗಿಯು ಹರದಾರಿ ದಾರಿಯನ್ನು ನಡೆಯುವದು ಬೇರೆ, ಮೂವರು ಕೂಡಿ ನಡೆಯುವದು ಬೇರೆ. ತಂದೆಯ ಮನಸ್ಸಿನಲ್ಲಿದ್ದ ನಿಜವಾದ ಅಂಜಿಕೆಯು ಅದೇ ಎಂಬದನ್ನು ಅವಳು ಅಲ್ಲಿಯೇ ತಿಳಿದುಕೊಂಡು ಬಂದಳು. ನನ್ನ ಸುಭಾಷಿತಗಳಿಗೆ ತಿಳಿಯದ ಮಾತು ಅದು.

ಎಳ್ಳ ಅಮಾವಾಸ್ಯೆಯು ಬಂದಿತು. ನಮ್ಮ ಕಡೆಯಲ್ಲಿ ಅದು ಎಂಥ ಹಬ್ಬವೆಂಬದನ್ನು ಪರಸ್ಥಳದ ವಾಚಕರಿಗಾಗಿ ಹೇಳಬೇಕು. ಹಿಂಗಾರಿಯ ಜೋಳವು ಎದೆಯೆತ್ತರಕ್ಕೆ ನಿಂತಿರುವದು, ಕಡಲೆಯು ಹಸುರಾಗಿರುವದು, ತೊಗರಿಯು ಕಾಯಿ ಕಟ್ಟಿರುವದು. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಬಗೆಬಗೆಯ ಕಾಳು ಪಲ್ಲೆಗಳ ಭಜ್ಜಿಯನ್ನೂ ಸಜ್ಜೆ ರೊಟ್ಟಿಯನ್ನೂ ಅಂಬಲಿಯನ್ನೂ ಬಂದವರಿಗೆಲ್ಲ ಉಣಬಡಿಸುವರು. ಅಂದು ಹೊಲದ ದಾರಿಯಲ್ಲಿ ಹೋಗುವವನನ್ನು ಕರೆಯದೆ ಬಿಡುವವರಿಲ್ಲ. ಆತನೂ ನನ್ನನ್ನು ಕರೆದನು. ನಾನು ಉಂಡೆನು, ಬೆಳೆಯನ್ನು ಹೊಗಳಿದೆನು, ಸಾಲೆಯ ಸುದ್ದಿಯನ್ನು ಎತ್ತಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುವಾಗ ಆತನೇ ಆರಂಭಿಸಿದನು: "ಸರ್, ಆ ದಿವಸ ನಾ ಸಿಟ್ಟಿನ್ಯಾಗ ಅಂದೆ, ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಮೂರು ಮಂದಿ ಕೂಡಿ ಹೋಗ್ತಾರಂದ್ರ ಹೋಗ್ಲಿ ತಗೋರಿ." ಬರುವ ಜೂನದಲ್ಲಿ ಹುಡುಗಿಯು ಹೈಸ್ಕೂಲಿಗೆ ಸೇರಿದಳು.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ತಾಳ್ಮೆಯ ಜಯವೆಂದು ವಾಚಕರು ಸಂತೋಷಪಡಬಹುದು. ಆದರೆ ಇನ್ನೊಂದು ಮಾತು ಉಳಿದಿದೆ. ಬಹಳ ವರುಷಗಳ ಮೇಲೆ ಬೀದರದ ಬಸ್ ನಿಲ್ದಾಣದಲ್ಲಿ ಅವಳು ನನ್ನನ್ನು ಗುರುತಿಸಿ ಬಂದು ನಮಸ್ಕರಿಸಿದಳು. ದಾದಿಯಾಗಿ ಕೆಲಸದಲ್ಲಿದ್ದಳು. ಹಳೆಯ ಮಾತುಗಳನ್ನಾಡುತ್ತ ನಗುನಗುತ್ತಲೇ, "ಸರ್, ಆ ಒಂದು ವರ್ಷ ಮಾತ್ರ ನಂದು ಹೋಯ್ತು ನೋಡ್ರಿ" ಎಂದಳು. ಅದರಲ್ಲಿ ದೂರು ಇರಲಿಲ್ಲ, ನನಗೇ ಚುಚ್ಚಿತು. ಗಡಿಬಿಡಿ ಮಾಡಿದವನು ನಾನು. ತಾಳಿದವನು ನಾನೆಂದು ಮೆಚ್ಚಿಕೊಂಡವನೂ ನಾನು. ಅದರ ಬೆಲೆಯನ್ನು ತೆತ್ತವಳು ಅವಳು. ಪರರಿಗೆ ತಾಳ್ಮೆಯನ್ನು ಬೋಧಿಸುವವರು ಈ ಲೆಕ್ಕವನ್ನು ಮರೆಯಬಾರದು. ಕಾಯುವದಕ್ಕೆ ಯಾವಾಗಲೂ ಯಾರೋ ಒಬ್ಬರು ಬಾಡಿಗೆ ಕೊಡುತ್ತಿರುತ್ತಾರೆ.

ಕಾಯುವದೆಂದರೆ ಸುಮ್ಮನೆ ಕೂಡುವದಲ್ಲ ಎಂಬದಕ್ಕೆ ನಮ್ಮ ಭಾಲ್ಕಿಯಲ್ಲಿಯೇ ಒಂದು ಮಹತ್ತರವಾದ ಉದಾಹರಣೆ ಇದೆ. 1948ರ ವರೆಗೆ ಈ ಸೀಮೆಯು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಸರಕಾರದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠಗಳೂ ಉರ್ದುವಿನಲ್ಲಿ. ಖಾಸಗಿ ಸಾಲೆಯನ್ನು ತೆರೆಯಲು ಸರಕಾರದ ಅಪ್ಪಣೆ ಬೇಕು. ಮನೆಯಲ್ಲಿ ಕನ್ನಡವನ್ನಾಡುವ ಮಗುವು ಅದೇ ಕನ್ನಡದಲ್ಲಿ ತನ್ನ ಹೆಸರನ್ನು ಬರೆಯಲು ಕಲಿಯುವದೇ ದುರ್ಲಭವಾಗಿತ್ತು. ಉರ್ದುವನ್ನು ದೂಷಿಸುವದು ನನ್ನ ಉದ್ದೇಶವಲ್ಲ. ಅದು ಸೊಗಸಾದ ಭಾಷೆ, ಬೀದರದ ಎಷ್ಟೋ ಮನೆಗಳ ತಾಯಿನುಡಿ. ದೋಷವು ಭಾಷೆಯದಲ್ಲ, ಒಂದು ನುಡಿಗಾಗಿ ಮಿಕ್ಕವುಗಳ ಬಾಗಿಲನ್ನು ಮುಚ್ಚಿದ ಆಡಳಿತದ್ದು.

ಆ ಕಾಲದಲ್ಲಿ ಭಾಲ್ಕಿಯ ಹಿರೇಮಠ ಸಂಸ್ಥಾನದಲ್ಲಿದ್ದವರು ಡಾ. ಚನ್ನಬಸವ ಪಟ್ಟದ್ದೇವರು. ಕಮಲನಗರದಲ್ಲಿ ಹುಟ್ಟಿ, ನೂರು ವರುಷಗಳಿಗೂ ಮಿಕ್ಕಿ ಬಾಳಿ, 1999ರಲ್ಲಿ ಲಿಂಗೈಕ್ಯರಾದವರು. ಅವರು ಸಾಲೆಯನ್ನು ತೆರೆದು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿದರು; ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಈ ಸಂಗತಿಯನ್ನು ನಮ್ಮ ಸೀಮೆಯ ಮಕ್ಕಳು ಇಂದಿಗೂ ಸಾಲೆಯ ಸಮಾರಂಭಗಳಲ್ಲಿ ಕೇಳುತ್ತ ಬೆಳೆಯುತ್ತಾರೆ. ಕೇಳಿ ಕೇಳಿ ರೂಢಿಯಾದುದರಿಂದ ಅದರೊಳಗಿನ ವಿವೇಕವನ್ನು ನಾವು ಆಲೋಚಿಸುವದು ಕಡಿಮೆ.

ಅವರ ಮುಂದೆ ಎರಡು ಸುಲಭವಾದ ದಾರಿಗಳಿದ್ದವು. ಬಾಗಿಲ ಮೇಲೆಯೇ ದೊಡ್ಡ ಕನ್ನಡ ಫಲಕವನ್ನು ಹಾಕಿ ಎದೆಯೊಡ್ಡಿ ನಿಲ್ಲಬಹುದಾಗಿತ್ತು. ಅದಕ್ಕೆ ಕೀರ್ತಿಯು ಬರುತ್ತಿತ್ತು. ಸಾಲೆಗೆ ಬೀಗ ಬೀಳುತ್ತಿತ್ತು. ಮಕ್ಕಳು ಮನೆಗೆ ಹೋಗುತ್ತಿದ್ದರು. ಇಲ್ಲವೆ, ಕಾಲ ಕೂಡಿ ಬರಲಿ, ಆಳ್ವಿಕೆ ಬದಲಾಗಲಿ, ಆಮೇಲೆ ಕನ್ನಡವನ್ನು ಕಲಿಸೋಣವೆಂದು ಸುಮ್ಮನಿರಬಹುದಾಗಿತ್ತು. ಅದಕ್ಕೆ ತಾಳ್ಮೆಯೆಂಬ ಒಳ್ಳೆಯ ಹೆಸರೂ ದೊರೆಯುತ್ತಿತ್ತು. ಆದರೆ ಮಗುವಿನ ಕಲಿಕೆಯ ವಯಸ್ಸು ಅರಸರ ಬದಲಾವಣೆಯನ್ನು ಕಾಯುವದಿಲ್ಲ. ಕಾಯಬಹುದಾದದ್ದು ಯಾವದು, ಕಾಯಲಾಗದ್ದು ಯಾವದು ಎಂದು ಪಟ್ಟದ್ದೇವರು ಬೇರೆ ಮಾಡಿ ನೋಡಿದರು. ಫಲಕವು ಕಾಯಬಹುದಾಗಿತ್ತು, ಪಾಠವು ಕಾಯುವಂತಿರಲಿಲ್ಲ. ಫಲಕದ ಮಟ್ಟಿಗೆ ತಾಳಿದರು, ಪಾಠದ ಮಟ್ಟಿಗೆ ಒಂದು ದಿವಸವನ್ನೂ ಕಳೆಯಲಿಲ್ಲ.

1948ರ ಸೆಪ್ಟೆಂಬರ 17ರಂದು ನಿಜಾಮ ಸರಕಾರವು ಶರಣಾಗತವಾಯಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣಗಳು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದವು. ಹಳೆಯ ಜಿಲ್ಲೆಯ ಉದಗೀರವೇ ಮೊದಲಾದ ಭಾಗಗಳು ಮುಂಬಯಿ ರಾಜ್ಯಕ್ಕೂ, ಕೆಲವು ಭಾಗಗಳು ಆಂಧ್ರಕ್ಕೂ ಹೋದವು. ಗಡಿಯ ಗೆರೆಯನ್ನು ಎಳೆದ ಆ ದಿವಸ ಈ ಕಡೆಯಲ್ಲಿ ಕನ್ನಡವನ್ನು ಓದಬಲ್ಲವರು, ಬರೆಯಬಲ್ಲವರು ಇದ್ದರು. ಅವರು ಆ ದಿವಸವೇ ಮೊಳೆತವರಲ್ಲ. ಉರ್ದು ಫಲಕದ ಹಿಂದೆ ಕುಳಿತು ಅ ಆ ತಿದ್ದಿದವರೂ ಅವರಲ್ಲಿದ್ದರು. ಹದ ಬರುವ ಮೊದಲೇ ಬೀಜವನ್ನು ಮನೆಯಲ್ಲಿಟ್ಟವರ ಹೊಲವಷ್ಟೇ ಹದದ ದಿವಸ ಬಿತ್ತನೆಯಾಗುವದು.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಪಂಚತಂತ್ರದ ಕಾಕೋಲೂಕೀಯದಲ್ಲಿ ಕಾಗೆಗಳ ಮುದಿಮಂತ್ರಿಯು ಗೂಗೆಗಳ ಶರಣಾರ್ಥಿಯಂತೆ ನಟಿಸಿ, ಅವುಗಳ ಗವಿಯ ಬಾಯಲ್ಲಿ ದಿನವೂ ಕಡ್ಡಿಗಳನ್ನು ತಂದೊಟ್ಟಿ, ಗೂಗೆಗಳಿಗೆ ಕಣ್ಣು ಕಾಣದ ಹಗಲು ಹೊತ್ತಿನಲ್ಲಿ ಬೆಂಕಿಯಿಕ್ಕಿಸಿ ಕೊಲ್ಲಿಸಿದ ಕಥೆ ಇದೆ. ಅಲ್ಲಿಯೂ ತಾಳ್ಮೆ ಇದೆ, ಕಾಲಜ್ಞಾನ ಇದೆ, ಹೊರಗೊಂದು ಒಳಗೊಂದು ಎಂಬದೂ ಇದೆ. ಹಾಗಾದರೆ ಇವೆರಡೂ ಒಂದೆಯೆ? ಅಲ್ಲ. ಕಾಗೆಯು ಕಾದದ್ದು ಪರರ ಮನೆಯನ್ನು ಸುಡಲಿಕ್ಕೆ. ಪಟ್ಟದ್ದೇವರು ಕಾದದ್ದು ತಮ್ಮವರ ಮನೆಯಲ್ಲಿ ದೀಪ ಹಚ್ಚಲಿಕ್ಕೆ. ಆ ಫಲಕದಿಂದ ಯಾರ ಗಂಟೂ ಕಳೆಯಲಿಲ್ಲ, ಯಾರ ಮಗುವಿನ ವಿದ್ಯೆಯೂ ಕೆಡಲಿಲ್ಲ. ತಾಳ್ಮೆಯು ತಾನಾಗಿ ಸದ್ಗುಣವಲ್ಲ. ಕಳ್ಳನೂ ನಡುರಾತ್ರಿಯ ವರೆಗೆ ತಾಳಿಯೇ ಕನ್ನ ಹಾಕುವನು. ಯಾವ ಗುರಿಗಾಗಿ ತಾಳಿದೆವೆಂಬದರಿಂದಲೇ ಅದಕ್ಕೆ ಬೆಲೆ.

ಕೆಲಸದ ಕ್ರಮವೂ ಕಾಲಜ್ಞಾನದ ಒಂದು ಭಾಗ. ಇದನ್ನು ಬೀದರದ ಬಿದರಿ ಕುಶಲಕರ್ಮಿಗಳ ಮುಂದೆ ಕುಳಿತು ನೋಡಿಯೇ ತಿಳಿಯಬೇಕು. ಸತುವಿಗೆ ಕೊಂಚ ತಾಮ್ರವನ್ನು ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುವರು. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆಗಳು ಕಾಣುವಂತೆ ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುವರು. ಚಿತ್ರವನ್ನು ಬರೆದು, ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಬಡಿದು ಕೂಡಿಸುವರು. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪೆಲ್ಲ ಹೋಗಿ, ಬೆಳ್ಳಿಗೂ ಲೋಹಕ್ಕೂ ಭೇದವೇ ಕಾಣದಂತಾಗುವದು. ತಿಳಿಯದವನು ಅಷ್ಟು ದಿವಸದ ಶ್ರಮವೆಲ್ಲ ವ್ಯರ್ಥವಾಯಿತೆಂದು ಎದೆಗೆಡಬೇಕು. ಕಟ್ಟಕಡೆಗೆ ಪಾತ್ರೆಯನ್ನು ಬೆಚ್ಚಗೆ ಮಾಡಿ, ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರವನ್ನು ಕಲಸಿ ಮೈಗೆ ಬಳಿಯುವರು. ತೊಳೆದು ನೋಡಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪು. ಬೆಳ್ಳಿಯು ಮಾತ್ರ ಬೆಳ್ಳಗೆ ಹೊಳೆಯುತ್ತಿರುವದು. ದಿವಸಗಟ್ಟಲೆಯ ಕೆಲಸವು ಕಣ್ಣಿಗೆ ಕಾಣುವದು ಈ ಕಡೆಯ ಗಳಿಗೆಯಲ್ಲಿ. ಈ ಕಲೆಯಲ್ಲಿಯೇ ಬಾಳನ್ನು ಸವೆಸಿದ ಬೀದರದ ಶಾಹ ರಶೀದ ಅಹಮದ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು.

ಇಷ್ಟು ಹೇಳಿದ ಮೇಲೆ ತಾಳ್ಮೆಯ ಸೋಗು ಹಾಕಿ ತಿರುಗುವ ಇನ್ನೊಂದನ್ನು ಹೇಳದಿದ್ದರೆ ಅಪರಾಧವಾದೀತು. ಅದರ ಹೆಸರು ಕಾಲಹರಣ. ಬೀದರದಿಂದ ಕಲಬುರ್ಗಿಗೆ ನೇರವಾದ ರೈಲುದಾರಿಯು ಸುಮಾರು 110 ಕಿಲೋಮೀಟರು. 1997-98ರಲ್ಲಿ ಮಂಜೂರಾದ ಆ ದಾರಿಯ ಉದ್ಘಾಟನೆಯಾದದ್ದು 2017ರ ಅಕ್ಟೋಬರ 29ರಂದು. ಅಲ್ಲಿಯವರೆಗೆ ರೈಲಿನಿಂದ ಕಲಬುರ್ಗಿಗೆ ಹೋಗಬೇಕಾದವನು ವಿಕಾರಾಬಾದವನ್ನು ಸುತ್ತಿ ಹೋಗಬೇಕು. ಮಂಜೂರಾದ ವರುಷ ಹುಟ್ಟಿದ ಕೂಸು ಇಪ್ಪತ್ತರ ತರುಣನಾಗಿ ಮೊದಲ ಗಾಡಿಯನ್ನು ಹತ್ತಿರಬಹುದು. ಇದನ್ನು ಜನರ ತಾಳ್ಮೆಯೆಂದು ಹೊಗಳುವದು ಸರಿಯಲ್ಲ. ಇಲ್ಲಿ ಜನರು ಹದವನ್ನು ಕಾಯಲಿಲ್ಲ. ಮತ್ತೊಬ್ಬರ ವಿಳಂಬವನ್ನು ಸಹಿಸಿದರು. ಹದಕ್ಕಾಗಿ ಕಾಯುವದು ಗುಣ. ವಿಳಂಬವನ್ನು ಕಂಡರೆ ಕೇಳಬೇಕು, ಅರ್ಜಿ ಬರೆಯಬೇಕು, ಮತ್ತೆ ಕೇಳಬೇಕು.

ಎರಡು ದಿವಸಗಳ ಮೇಲೆ ನೆರೆಮನೆಯ ತರುಣನು ಬಂದನು. ನಾನು ಅವನಿಗೆ ಉತ್ತರವನ್ನು ಹೇಳಲಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದೆನು. ನೀನು ಕಾಯುತ್ತಿರುವ ಹದಕ್ಕೆ ಗುರುತು ಏನು, ಅದು ದಾಟಿತೆಂದು ಹೇಗೆ ತಿಳಿಯುವಿ? ಕಾಯುವ ಈ ದಿವಸಗಳಲ್ಲಿ ನಿನ್ನೊಳಗೆ ಸಿದ್ಧವಾಗುತ್ತಿರುವದೇನು? ನೀನು ಕಾಯುವದರ ಬಾಡಿಗೆಯನ್ನು ಕೊಡುತ್ತಿರುವವರು ಯಾರು?

ಮೊದಲಿನ ಪ್ರಶ್ನೆಗೆ ಅವನು, ತನ್ನ ವಯಸ್ಸಿಗೆ ಇನ್ನೂ ಅವಕಾಶವುಂಟೆಂದನು. ವಯಸ್ಸಿನ ಮಿತಿಯು ಸರಕಾರವು ಹಾಕಿದ ಗೆರೆ, ನೀನು ಹಾಕಿಕೊಂಡ ಗೆರೆ ಯಾವದು ಎಂದೆನು. ಎರಡನೆಯದಕ್ಕೆ, ಕಳೆದ ವರುಷದ ಪುಸ್ತಕಗಳನ್ನೇ ಮತ್ತೆ ಓದುತ್ತಿರುವೆನೆಂದು ತಗ್ಗಿದ ದನಿಯಲ್ಲಿ ಹೇಳಿದನು. ಮೂರನೆಯದಕ್ಕೆ ಉತ್ತರ ಬರಲಿಲ್ಲ. ಅವನ ತಂದೆಯು ಅರವತ್ತರ ಪ್ರಾಯದಲ್ಲಿ ಒಬ್ಬನೇ ಕಬ್ಬಿಗೆ ನೀರು ಹಾಯಿಸುವದನ್ನೂ, ತಂಗಿಯ ಕಾಲೇಜಿನ ಶುಲ್ಕಕ್ಕೆ ಆ ಮನೆಯಲ್ಲಿ ನಡೆಯುವ ಲೆಕ್ಕಾಚಾರವನ್ನೂ ಅವನೂ ಬಲ್ಲನು, ನಾನೂ ಬಲ್ಲೆನು. "ಹಂಗಾರ ಬಿಟ್ಟಬಿಡ್ಲೇನ್ರಿ?" ಎಂದು ಕಡೆಗೆ ಕೇಳಿದನು. ಬಿಡೆಂದು ನಾನು ಹೇಳಲಿಲ್ಲ. ಫಲಕವನ್ನು ಪಾಠದಿಂದ ಬೇರೆ ಮಾಡಿ ನೋಡೆಂದೆನು. ನೌಕರಿಯು ಫಲಕ, ಅದು ಕಾಯಬಹುದು. ದುಡಿಮೆಯು ಪಾಠ; ಅದು ಇಂದೇ ಆರಂಭವಾಗಬೇಕು. ಮುಂಜಾನೆ ತಂದೆಯೊಡನೆ ಹೊಲ, ಸಂಜೆ ನಾಲ್ಕು ಮಕ್ಕಳಿಗೆ ಗಣಿತದ ಪಾಠ, ರಾತ್ರಿ ತನ್ನ ಓದು. ಹೀಗೆ ಇನ್ನೆರಡು ಪರೀಕ್ಷೆಗಳು, ಅಲ್ಲಿಗೆ ಗೆರೆ. ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಎದ್ದು ಹೋದನು. ಒಪ್ಪಿದನೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ, ಮುಚ್ಚಳವನ್ನು ತೆಗೆದು ಕಲಕಬಾರದೆಂಬ ಪಾಠವನ್ನು ನನಗೆ ಆ ಹುಡುಗಿಯ ಒಂದು ವರುಷವು ಕಲಿಸಿದೆ.

ವಾಚಕರಲ್ಲಿ ನನ್ನ ಬಿನ್ನಹವೂ ಇಷ್ಟೆ. ಮಗಳ ಮದುವೆ, ಮಗನ ನೌಕರಿ, ಮನೆಯ ಕಟ್ಟೋಣ, ಅಣ್ಣತಮ್ಮಂದಿರ ಪಾಲು, ಮುನಿದ ಬೀಗರೊಡನೆ ರಾಜಿ. ಇವೆಲ್ಲವುಗಳಲ್ಲಿಯೂ ನಾವು ಯಾವದೋ ಒಂದನ್ನು ಕಾಯುತ್ತಲೇ ಇರುತ್ತೇವೆ. ಕಾಯುವ ಮೊದಲು ಈ ಮೂರು ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೂಡಿ ಕೇಳಿಕೊಳ್ಳಿರಿ. ಮೂರನೆಯದನ್ನು ಮಾತ್ರ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡುವವರನ್ನೇ ಕೇಳಿರಿ. ಬಾಡಿಗೆಯನ್ನು ಹೆಚ್ಚಾಗಿ ಕೊಡುತ್ತಿರುವವರು ಅವರೇ. ಅಲಂ ವಿಸ್ತರೇಣ.